ಅಡಾ: ಬ್ಯಾರಿಯರ್ ನಿಜವಾಗಿದ್ದರೂ ಕ್ಯೂನಲ್ಲಿರುವ ಟಾಸ್ಕ್ ಏಳುತ್ತಿಲ್ಲ

#1 ಅರ್ಧವಿರಾಮ

ಅಡಾ ಪ್ರೋಗ್ರಾಮಿಂಗ್ ಭಾಷೆ, ಗ್ನಾಟ್ ಕಂಪೈಲರ್, ಲಿನಕ್ಸ್. ಪ್ರೊಟೆಕ್ಟೆಡ್ ಆಬ್ಜೆಕ್ಟ್ (ಒಂದು ಸಲಕ್ಕೆ ಒಬ್ಬರೇ ಬದಲಿಸುವಂತೆ ಲಾಕ್ ಇರುವ ಡೇಟಾ) ಒಳಗೆ 8 ಜಾಗದ ಬಫರ್. ಐಟಂ ಹಾಕುವ ಟಾಸ್ಕ್ (ಉಳಿದವುಗಳ ಜೊತೆಗೇ ಓಡುವ ಕೆಲಸ) ಒಂದು, ತೆಗೆಯುವ ಟಾಸ್ಕ್ ಎರಡು. ಓದಲು ಸುಲಭವಾಗಲಿ ಅಂತ ಕೋಡನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ('ಮಾಡ್' ಅಂದರೆ ಇಲ್ಲಿ ಭಾಗಿಸಿದ ಶೇಷ, 'ಮಾಡು' ಅಲ್ಲ. ಎಂಟ್ರಿಯ 'ವೆನ್' ಷರತ್ತೇ ಬ್ಯಾರಿಯರ್, ಅದು ನಿಜವಾಗದಿದ್ದರೆ ಕರೆದ ಟಾಸ್ಕ್ ಕ್ಯೂನಲ್ಲಿ ಕಾಯುತ್ತೆ.)

ಎಂಟ್ರಿ ಹಾಕು (ಐ : ಇನ್ ಐಟಂ) ವೆನ್ ಲೆಕ್ಕ < 8 ಈಸ್
ಬಿಗಿನ್
   ಅಂಕಣ (ಬಾಲ) := ಐ;
   ಬಾಲ := (ಬಾಲ + 1) ಮಾಡ್ 8;
   ಲೆಕ್ಕ := ಲೆಕ್ಕ + 1;
ಎಂಡ್ ಹಾಕು;

ಎಂಟ್ರಿ ತೆಗೆ (ಐ : ಔಟ್ ಐಟಂ) ವೆನ್ ಲೆಕ್ಕ > 0 ಅಂಡ್ ನಾಟ್ ತಡೆ ಈಸ್
ಬಿಗಿನ್
   ಐ := ಅಂಕಣ (ತಲೆ);
   ತಲೆ := (ತಲೆ + 1) ಮಾಡ್ 8;
   ಲೆಕ್ಕ := ಲೆಕ್ಕ - 1;
ಎಂಡ್ ತೆಗೆ;

'ತಡೆ' ಪ್ಯಾಕೇಜ್ ಮಟ್ಟದ ಬೂಲಿಯನ್, ಶುರುವಿನಲ್ಲಿ ಟ್ರೂ. ಎಲ್ಲ ಸಿದ್ಧವಾದ ಮೇಲೆ ಮುಖ್ಯ ಪ್ರೋಗ್ರಾಂ ಅದನ್ನು ಫಾಲ್ಸ್ ಮಾಡುತ್ತೆ. ಅಷ್ಟರಲ್ಲಿ 3 ಐಟಂ ಒಳಗಿರುತ್ತೆ. ಅಂದರೆ ಲೆಕ್ಕ 3, ತಡೆ ಫಾಲ್ಸ್, ಬ್ಯಾರಿಯರ್ ಪೂರ್ತಿ ನಿಜ. ಆದರೂ 'ತೆಗೆ' ಕರೆದ ಎರಡೂ ಟಾಸ್ಕ್ ಕದಲುವುದಿಲ್ಲ. ನಾಲ್ಕನೇ ಐಟಂ ಹಾಕಿದ ಕೂಡಲೇ ಎರಡೂ ಒಟ್ಟಿಗೆ ಎದ್ದುಬಿಡುತ್ತವೆ. 'ಎಷ್ಟಿದೆ' ಅನ್ನೋ ಫಂಕ್ಷನ್ ಕರೆದರೆ 3 ಅಂತ ಸರಿಯಾಗಿ ಹೇಳುತ್ತೆ, ಆದರೆ ಯಾರೂ ಏಳಲ್ಲ. 'ತಡೆ'ಗೆ ವೊಲಟೈಲ್ ಹಾಕಿದರೂ ಅಷ್ಟೇ. ಕಂಪೈಲರ್ ಬಗ್ಗಾ?

#2 ತಾಳೆಗರಿ

ಬಗ್ ಅಲ್ಲ. ಬ್ಯಾರಿಯರ್ ಅಂದರೆ ಯಾವಾಗಲೂ ಕಣ್ಣು ಬಿಟ್ಟು ಕೂತಿರುವ ಕಾವಲುಗಾರ ಅಂತ ಅಂದುಕೊಂಡಿದ್ದೀರಿ. ಅದು ಹಾಗಿಲ್ಲ. ಅದನ್ನು ಲೆಕ್ಕ ಹಾಕಿ ನೋಡುವುದು ಮುಖ್ಯವಾಗಿ ಎರಡು ಸಂದರ್ಭದಲ್ಲಿ: ಹೊಸ ಎಂಟ್ರಿ ಕರೆ ಬಂದಾಗ, ಮತ್ತು ಅದೇ ಆಬ್ಜೆಕ್ಟ್‌ನ ಒಂದು ಪ್ರೊಸೀಜರ್ ಅಥವಾ ಎಂಟ್ರಿ ಓಡಿ ಮುಗಿದಾಗ. ಎರಡನೆಯ ಸಲ ಕ್ಯೂನಲ್ಲಿ ಕಾಯುತ್ತಿರುವವರ ಬ್ಯಾರಿಯರ್‌ಗಳನ್ನು ಮತ್ತೆ ನೋಡಿ, ತೆರೆದಿದ್ದರೆ ಒಬ್ಬರನ್ನು ಒಳಗೆ ಬಿಟ್ಟು, ಅವರ ಕೆಲಸ ಮುಗಿದ ಮೇಲೆ ಇನ್ನೊಮ್ಮೆ ನೋಡಿ, ಹೀಗೆ ಬಿಡಲು ಯಾರೂ ಉಳಿಯದ ತನಕ ಲಾಕ್ ಕೈಯಲ್ಲೇ ಇರುತ್ತೆ. ಇಷ್ಟೂ ಸೇರಿ ಒಂದು ಪ್ರೊಟೆಕ್ಟೆಡ್ ಆಕ್ಷನ್.

ನಿಮ್ಮ 'ತಡೆ' ಬದಲಾಗಿದ್ದು ಆಬ್ಜೆಕ್ಟ್‌ನ ಹೊರಗೆ. ಆ ಕ್ಷಣ ಯಾವ ಪ್ರೊಟೆಕ್ಟೆಡ್ ಆಕ್ಷನ್ ಕೂಡ ನಡೆಯುತ್ತಿಲ್ಲ, ಹಾಗಾಗಿ ಬ್ಯಾರಿಯರ್ ಕಡೆ ತಿರುಗಿ ನೋಡುವವರೂ ಇಲ್ಲ. ನಾಲ್ಕನೇ 'ಹಾಕು' ಮುಗಿದಾಗ ನೋಡಿದರು, ಎರಡೂ ಎದ್ದವು. ಫಂಕ್ಷನ್ ಒಳಗಿನ ಡೇಟಾವನ್ನು ಓದುತ್ತದೆಯೇ ಹೊರತು ಬದಲಿಸುವುದಿಲ್ಲ, ಆದ್ದರಿಂದ ಅದು ಮುಗಿದಾಗ ಕ್ಯೂ ನೋಡುವ ಪ್ರಶ್ನೆಯೇ ಬರುವುದಿಲ್ಲ. ವೊಲಟೈಲ್ ಹಾಕಿದರೆ ಓದುವ ಬೆಲೆ ತಾಜಾ ಆಗಿರುತ್ತೆ, ಸರಿ. ಆದರೆ ಓದುವವರೇ ಇಲ್ಲವಲ್ಲ.

ಪರಿಹಾರ ಇಷ್ಟೇ: 'ತಡೆ'ಯನ್ನು ಆಬ್ಜೆಕ್ಟ್‌ನ ಪ್ರೈವೇಟ್ ಭಾಗಕ್ಕೆ ಸೇರಿಸಿ, ಬದಲಿಸಲು ಒಂದು ಪ್ರೊಸೀಜರ್ ಕೊಡಿ.

ಪ್ರೊಸೀಜರ್ ತೆರೆ ಈಸ್
ಬಿಗಿನ್
   ತಡೆ := ಫಾಲ್ಸ್;
ಎಂಡ್ ತೆರೆ;

ಬ್ಯಾರಿಯರ್‌ನಲ್ಲಿ ಹೊರಗಿನ ವೇರಿಯಬಲ್ ಬರೆದರೂ ಭಾಷೆ ತಡೆಯುವುದಿಲ್ಲ, ಎಚ್ಚರಿಕೆ ಕೂಡ ಸಿಗದೇ ಹೋಗಬಹುದು. ಆದರೆ ಅದು ಬದಲಾದಾಗ ಮತ್ತೆ ನೋಡಲೇಬೇಕು ಅಂತ ನಿಯಮವಿಲ್ಲ. ಬ್ಯಾರಿಯರ್‌ನಲ್ಲಿ ಗಡಿಯಾರ ಓದುವುದೂ ಇದೇ ಜಾತಿಯ ತಪ್ಪು. ಸಮಯ ಆಯಿತು ಅಂತ ಬ್ಯಾರಿಯರ್‌ಗೆ ಬಂದು ಹೇಳುವವರು ಯಾರು?

#3 ನೀರ್ದೋಸೆ

ಇಷ್ಟಕ್ಕೆ ಪ್ರೊಸೀಜರ್ ಎಲ್ಲ ಯಾಕೆ ಮಾರಾಯ್ರೆ, 10 ಮಿಲಿಸೆಕೆಂಡಿಗೊಮ್ಮೆ ಏನೂ ಮಾಡದ ಒಂದು ಪ್ರೊಸೀಜರ್ ಕರೆಯುವ ಟಾಸ್ಕ್ ಇಟ್ಟರೆ ಆಯ್ತಲ್ಲ. ಬ್ಯಾರಿಯರ್ ತನ್ನಷ್ಟಕ್ಕೆ ಮತ್ತೆ ಲೆಕ್ಕ ಆಗ್ತದೆ.

#4 ತಾಳೆಗರಿ

ಆಗುತ್ತೆ ಅಂತ ನಂಬುವ ಹಾಗಿಲ್ಲ. ಆ ಆಕ್ಷನ್‌ನಲ್ಲಿ ಒಳಗಿನ ಡೇಟಾ ಏನೂ ಬದಲಾಗದಿದ್ದರೆ ಬ್ಯಾರಿಯರ್ ಮತ್ತೆ ನೋಡುವ ಕೆಲಸವನ್ನು ಕಂಪೈಲರ್ ಬಿಟ್ಟುಬಿಡಬಹುದು. ಇವತ್ತಿನ ಕಂಪೈಲರ್ ನೋಡಿದರೆ ನಾಳೆಯದು ನೋಡಲಿಕ್ಕಿಲ್ಲ. ನೋಡಿತು ಅಂತಲೇ ಇಟ್ಟುಕೊಳ್ಳಿ, ಎದ್ದೇಳಲು 10 ಮಿಲಿಸೆಕೆಂಡ್ ತನಕ ತಡ, ಸೆಕೆಂಡಿಗೆ 100 ಸಲ ಸುಮ್ಮನೆ ಲಾಕ್. ಮೂರು ಸಾಲಿನ ಪ್ರೊಸೀಜರ್ ಬರೆಯುವ ಸೋಮಾರಿತನಕ್ಕೆ ಇದು ದುಬಾರಿ.

#5 ನೀರ್ದೋಸೆ

ಒಪ್ಪಿದೆ, ವಾಪಸ್ ತಗೊಂಡೆ. ಆದರೆ ಇನ್ನೊಂದು ಪ್ರಶ್ನೆ. ಜಾವಾದಲ್ಲಿ ವೇಟ್‌ನಿಂದ ಎದ್ದ ಮೇಲೆ ಷರತ್ತನ್ನು ಮತ್ತೆ ನೋಡ್ಬೇಕು, ಇಫ್ ಅಲ್ಲ ವೈಲ್ ಹಾಕ್ಬೇಕು ಅಂತ ಎಲ್ಲರೂ ಹೇಳ್ತಾರೆ. ಸಿ ಭಾಷೆಯ ಥ್ರೆಡ್ ಲೈಬ್ರರಿ ಪಿಥ್ರೆಡ್ಸ್‌ನಲ್ಲೂ ಅಷ್ಟೆ. ಮೇಲಿನ 'ತೆಗೆ'ಯಲ್ಲಿ ಲೂಪೇ ಇಲ್ಲ. ಎರಡು ಟಾಸ್ಕ್ ಎದ್ದು, ಒಳಗೆ ಒಂದೇ ಐಟಂ ಇದ್ದರೆ?

#6 ಹಳೇಮೀಟರ್

ಲೂಪ್ ಬೇಡ. ಯಾಕೆ ಅಂತ ಗೊತ್ತಾದರೆ ಈ ವಿನ್ಯಾಸದ ಅರ್ಧ ತಿಳಿದ ಹಾಗೆ.

ಕ್ಲಿನಿಕ್ ಒಂದನ್ನು ನೆನೆಸಿಕೊಳ್ಳಿ. ಟೋಕನ್ ತಗೊಂಡು ಒಳಗೆ ಬೆಂಚಿನ ಮೇಲೆ ಕೂತವರು ಒಂದು ಗುಂಪು. ಬೀದಿಯಲ್ಲಿ, ಬಾಗಿಲು ತೆಗೆಯಲಿ ಅಂತ ನಿಂತವರು ಇನ್ನೊಂದು ಗುಂಪು. ಡಾಕ್ಟರ ಕೋಣೆ ಖಾಲಿಯಾದರೆ ಮೊದಲು ಬೆಂಚಿನವರು. ಬೆಂಚಿನಲ್ಲಿ ಒಳಗೆ ಹೋಗಬಲ್ಲವರು ಒಬ್ಬರೂ ಇಲ್ಲ ಅಂತಾದ ಮೇಲೆ ಬೀದಿ ಬಾಗಿಲು. ಬೆಂಚು ಅಂದರೆ ಎಂಟ್ರಿ ಕ್ಯೂ, ಬೀದಿ ಬಾಗಿಲು ಅಂದರೆ ಆಬ್ಜೆಕ್ಟ್‌ನ ಲಾಕ್. ಅಡಾ ಬಳಗದಲ್ಲಿ ಇದಕ್ಕೆ ಮೊಟ್ಟೆಚಿಪ್ಪಿನ ಮಾದರಿ ಅಂತಾರೆ. ಷರತ್ತು ನೋಡುವುದು ಮತ್ತು ಬಾಡಿ ಓಡುವುದು, ಇವೆರಡರ ನಡುವೆ ಹೊರಗಿನವರು ನುಗ್ಗಲು ಸಂದಿಯೇ ಇಲ್ಲ. ಒಂದೇ ಐಟಂ ಇದ್ದರೆ ಮೊದಲ ಟಾಸ್ಕ್ ತೆಗೆದುಕೊಳ್ಳುತ್ತೆ, ಲೆಕ್ಕ 0 ಆಗುತ್ತೆ, ಬ್ಯಾರಿಯರ್ ಮತ್ತೆ ಲೆಕ್ಕವಾಗಿ ಮುಚ್ಚುತ್ತೆ. ಎರಡನೆಯದು ಏಳುವುದೇ ಇಲ್ಲ.

ಜಾವಾ, ಪಿಥ್ರೆಡ್ಸ್ ಎರಡೂ ಮೇಸಾ ಭಾಷೆಯ ದಾರಿ ಹಿಡಿದವು. ಝೆರಾಕ್ಸ್‌ನ ಆ ಭಾಷೆಯ ಅನುಭವವನ್ನು ಲ್ಯಾಂಪ್ಸನ್ ಮತ್ತು ರೆಡೆಲ್ 1980ರಲ್ಲಿ ಬರೆದರು. ಅಲ್ಲಿ ನೋಟಿಫೈ ಬರೀ ಸುಳಿವು: 'ಷರತ್ತು ಬದಲಾಗಿರಬಹುದು, ಎದ್ದು ನೋಡಿಕೋ'. ಎದ್ದವನು ಲಾಕ್‌ಗಾಗಿ ಮತ್ತೆ ಬೀದಿಯಲ್ಲಿ ನಿಲ್ಲಬೇಕು, ಅಷ್ಟರಲ್ಲಿ ಇನ್ನೊಬ್ಬ ಒಳಗೆ ಹೋಗಿ ಐಟಂ ಎತ್ತಿಕೊಂಡಿರಬಹುದು. ಅದಕ್ಕೇ ವೈಲ್. ಕಂಪ್ಯೂಟರ್ ವಿಜ್ಞಾನಿ ಹೋರ್ 1974ರಲ್ಲಿ ಬರೆದ ಮಾನಿಟರ್‌ನಲ್ಲಿ (ಪರದೆಯಲ್ಲ, ಲಾಕ್ ಜೊತೆಗಿನ ಡೇಟಾ) ಸಿಗ್ನಲ್ ಕೊಟ್ಟ ಕೂಡಲೇ ಕಾಯುತ್ತಿದ್ದವನಿಗೆ ಕೋಣೆ ಸಿಗುತ್ತಿತ್ತು, ಆದರೆ ಸಿಗ್ನಲ್ ಕೊಡುವುದನ್ನು ನೆನಪಿಡಬೇಕಾದವನು ಪ್ರೋಗ್ರಾಮರ್. ಅಡಾದಲ್ಲಿ ಸಿಗ್ನಲ್ ಅನ್ನೋ ಪದವೇ ಇಲ್ಲ, ಮರೆಯಲು ಏನೂ ಉಳಿದಿಲ್ಲ. ನೋಟಿಫೈ ಮೊದಲು ಹೋಗಿ ವೇಟ್ ಆಮೇಲೆ ಬಂದು ಕಾಯುತ್ತಾ ಕೂರುವ ಕಾಯಿಲೆಯೂ ಇಲ್ಲಿ ಬರಲ್ಲ, ಯಾಕೆಂದರೆ ಬ್ಯಾರಿಯರ್ ಅನ್ನೋದು ಘಟನೆಯಲ್ಲ, ಸ್ಥಿತಿ.

ಒಂದು ಸಣ್ಣ ವಿಷಯ. ಎದ್ದ ಟಾಸ್ಕ್‌ನ ಎಂಟ್ರಿ ಬಾಡಿಯನ್ನು ಅದೇ ಟಾಸ್ಕ್ ಓಡಿಸಬೇಕೆಂದಿಲ್ಲ. ಗ್ನಾಟ್‌ನಲ್ಲಿ ಬ್ಯಾರಿಯರ್ ತೆರೆದ ಟಾಸ್ಕೇ ಕ್ಯೂನಲ್ಲಿದ್ದವರ ಪರವಾಗಿ ಅವರ ಬಾಡಿಯನ್ನೂ ಓಡಿಸಿ ಮುಗಿಸುತ್ತೆ, ಟಾಸ್ಕ್ ಬದಲಿಸುವ ಖರ್ಚು ಉಳಿಯುತ್ತೆ. ಆದ್ದರಿಂದ ಎಂಟ್ರಿ ಬಾಡಿ ಒಳಗೆ 'ಕರೆಂಟ್ ಟಾಸ್ಕ್' ಕೇಳಬೇಡಿ, ತಪ್ಪು ಉತ್ತರ ಬರಬಹುದು. ಕರೆದವರು ಯಾರು ಅಂತ ಬೇಕಿದ್ದರೆ ಎಂಟ್ರಿಯ 'ಕಾಲರ್' ಗುಣ ಕೇಳಿ.

#7 ಅರ್ಧವಿರಾಮ

'ತಡೆ' ಒಳಗೆ ಹಾಕಿದೆ, ಸರಿಯಾಯಿತು. ಧನ್ಯವಾದ ತಾಳೆಗರಿ ಸರ್.

ಈಗ ಎರಡು ಅನುಮಾನ. ಒಂದು, ಎಂಟ್ರಿ ಬಾಡಿ ಒಳಗೆ ಪುಟ್ ಲೈನ್ (ಪರದೆಗೆ ಒಂದು ಸಾಲು ಬರೆಯುವ ಆಜ್ಞೆ) ಹಾಕಿ ಡೀಬಗ್ ಮಾಡುತ್ತಿದ್ದೇನೆ, ಕೆಲಸ ಮಾಡುತ್ತಿದೆ. ಇದು ಸರಿಯಾ? ಎರಡು, ಟಾಸ್ಕ್ ಒಳಗಿನ ಸೆಲೆಕ್ಟ್‌ನಲ್ಲೂ (ಹಲವು ಎಂಟ್ರಿ ಕರೆಗಳಲ್ಲಿ ಒಂದನ್ನು ಆರಿಸುವ ವಾಕ್ಯ) ವೆನ್ ಬರುತ್ತಲ್ಲ, ಅದೂ ಹೀಗೇನಾ?

#8 ತಾಳೆಗರಿ

ಒಂದು: ಸರಿಯಲ್ಲ, ಈಗ ಕೆಲಸ ಮಾಡುತ್ತಿರುವುದೇ ಅಪಾಯ. ಪ್ರೊಟೆಕ್ಟೆಡ್ ಆಕ್ಷನ್ ಒಳಗೆ ಕಾಯಬೇಕಾಗಿ ಬರಬಹುದಾದ ಏನನ್ನೂ ಮಾಡಬಾರದು: ಡಿಲೇ, ಇನ್ನೊಂದು ಎಂಟ್ರಿ ಕರೆ, ಸೆಲೆಕ್ಟ್, ಟಾಸ್ಕ್ ಸೃಷ್ಟಿ, ಫೈಲ್ ಮತ್ತು ಕನ್ಸೋಲ್ ಬರಹ. ಡಿಟೆಕ್ಟ್ ಬ್ಲಾಕಿಂಗ್ ಪ್ರಾಗ್ಮಾ (ಕಂಪೈಲರ್‌ಗೆ ಕೊಡುವ ಸೂಚನೆ) ಹಾಕಿದರೆ ಇಂಥ ಕಡೆ ಪ್ರೋಗ್ರಾಂ ಎರರ್ ಅನ್ನೋ ಎಕ್ಸೆಪ್ಷನ್ ಬೀಳಬೇಕು ಅನ್ನುವುದು ಭಾಷೆಯ ನಿಯಮ. ಡೀಬಗ್‌ಗೆ ಬೇಕಿದ್ದರೆ ಬೆಲೆಗಳನ್ನು ಔಟ್ ಪ್ಯಾರಾಮೀಟರ್‌ನಲ್ಲಿ ಹೊರಗೆ ತಂದು ಅಲ್ಲಿ ಬರೆಯಿರಿ. ಇನ್ನೊಂದು ಆಬ್ಜೆಕ್ಟ್‌ನ ಪ್ರೊಸೀಜರ್ ಕರೆಯಬಹುದು, ಅದು ಕಾಯುವ ಕೆಲಸ ಅಂತ ಲೆಕ್ಕಕ್ಕಿಲ್ಲ. ಎಂಟ್ರಿ ಮಾತ್ರ ಕರೆಯಬಾರದು.

ಎರಡು: ಹೀಗಲ್ಲ, ಇಲ್ಲೇ ಬಹಳ ಜನ ಎಡವುವುದು. ಅಡಾ 83ರಲ್ಲಿ ಪ್ರೊಟೆಕ್ಟೆಡ್ ಆಬ್ಜೆಕ್ಟೇ ಇರಲಿಲ್ಲ, ಅದು ಬಂದದ್ದು ಅಡಾ 95ರಲ್ಲಿ. ಮೊದಲು ಬಫರ್‌ಗೂ ಒಂದು ಟಾಸ್ಕ್ ಇಟ್ಟು, ಅದರೊಳಗೆ ಲೂಪ್, ಲೂಪ್ ಒಳಗೆ ಸೆಲೆಕ್ಟ್, ಒಂದೊಂದು ಅಕ್ಸೆಪ್ಟ್‌ಗೆ (ಎಂಟ್ರಿ ಕರೆಯನ್ನು ಸ್ವೀಕರಿಸುವ ವಾಕ್ಯ) ಒಂದು ವೆನ್ ಬರೆಯುತ್ತಿದ್ದರು. ಆ ವೆನ್‌ಗೆ ಗಾರ್ಡ್ ಅಂತ ಹೆಸರು. ಸೆಲೆಕ್ಟ್‌ಗೆ ಬಂದು ತಲುಪಿದಾಗ ಗಾರ್ಡ್‌ಗಳನ್ನೆಲ್ಲ ಒಂದು ಸಲ, ಒಂದೇ ಸಲ ಲೆಕ್ಕ ಹಾಕುತ್ತಾರೆ. ಟಾಸ್ಕ್ ಆಮೇಲೆ ಅಲ್ಲೇ ಒಂದು ಗಂಟೆ ಕಾದರೂ ಮತ್ತೆ ನೋಡುವುದಿಲ್ಲ. ಬ್ಯಾರಿಯರ್‌ಗೆ ಮತ್ತೆ ಮತ್ತೆ ನೋಡುವ ಜೀವ ಇದೆ, ಗಾರ್ಡ್‌ಗೆ ಇಲ್ಲ.

ಇನ್ನೊಂದು ವ್ಯತ್ಯಾಸ: ಎಲ್ಲ ಗಾರ್ಡ್‌ಗಳೂ ಮುಚ್ಚಿದ್ದು, ಎಲ್ಸ್ ಕೂಡ ಇಲ್ಲದಿದ್ದರೆ ಆ ಟಾಸ್ಕ್‌ಗೆ ಪ್ರೋಗ್ರಾಂ ಎರರ್. ಪ್ರೊಟೆಕ್ಟೆಡ್ ಆಬ್ಜೆಕ್ಟ್‌ನಲ್ಲಿ ಎಲ್ಲ ಬ್ಯಾರಿಯರ್ ಮುಚ್ಚಿದ್ದರೆ ತಪ್ಪೇನಿಲ್ಲ, ಬಂದವರು ಕ್ಯೂನಲ್ಲಿ ಕೂರುತ್ತಾರೆ. ಆದರೆ ಬ್ಯಾರಿಯರ್ ಲೆಕ್ಕ ಹಾಕುವಾಗಲೇ ಎಕ್ಸೆಪ್ಷನ್ ಬಂದರೆ, ಉದಾಹರಣೆಗೆ ಅಂಕಣದ ಹೊರಗಿನ ಸೂಚ್ಯಂಕ ಓದಿದರೆ, ಆ ಆಬ್ಜೆಕ್ಟ್‌ನ ಎಲ್ಲ ಎಂಟ್ರಿಗಳಲ್ಲಿ ಕಾಯುತ್ತಿರುವ ಎಲ್ಲರಿಗೂ ಪ್ರೋಗ್ರಾಂ ಎರರ್ ಹೋಗುತ್ತೆ. ಬ್ಯಾರಿಯರ್ ಚಿಕ್ಕದಾಗಿರಲಿ, ಒಳಗಿನ ಒಂದೆರಡು ವೇರಿಯಬಲ್ ಸಾಕು.

#9 ನಾಲ್ಕನೇಸಾಲು

ಗೋ ಭಾಷೆಯಲ್ಲಿ ಬರೆಯುವವರಿಗೆ ಗಾರ್ಡ್ ಪರಿಚಯವೇ, ಹೆಸರು ಬೇರೆ ಅಷ್ಟೇ. ಚಾನೆಲ್ ವೇರಿಯಬಲ್‌ಗೆ ನಿಲ್ ಕೊಟ್ಟರೆ ಸೆಲೆಕ್ಟ್‌ನ ಆ ಕೇಸ್ ಎಂದೂ ಸಿದ್ಧವಾಗುವುದಿಲ್ಲ. ಅದೂ ಸೆಲೆಕ್ಟ್ ಒಳಗೆ ಹೋಗುವಾಗ ಒಂದೇ ಸಲ ಲೆಕ್ಕ. ಎರಡಕ್ಕೂ ಮೂಲ ಹೋರ್ 1978ರಲ್ಲಿ ಬರೆದ ಸಿಎಸ್‌ಪಿ (ಸಂದೇಶಗಳ ಮೂಲಕ ಮಾತಾಡುವ ಪ್ರಕ್ರಿಯೆಗಳ ಮಾದರಿ), ಅದರ ಗಾರ್ಡ್ ಬಂದದ್ದು ಡೈಕ್‌ಸ್ಟ್ರಾ 1975ರಲ್ಲಿ ಕೊಟ್ಟ ಗಾರ್ಡೆಡ್ ಕಮಾಂಡ್‌ನಿಂದ.

ಗಾರ್ಡ್ ಹಳಸುವುದಕ್ಕೆ ನಿಜವಾದ ಉದಾಹರಣೆ: ಸರ್ವರ್ ಟಾಸ್ಕ್‌ನಲ್ಲಿ 'ತುರ್ತು', 'ಮಾಮೂಲು' ಅಂತ ಎರಡು ಎಂಟ್ರಿ. ಮಾಮೂಲಿಗೆ 'ವೆನ್ ತುರ್ತು'ಕೌಂಟ್ = 0' ಅಂತ ಗಾರ್ಡ್ (ಕೌಂಟ್ ಅಂದರೆ ಆ ಎಂಟ್ರಿಯ ಕ್ಯೂನಲ್ಲಿ ಕಾಯುತ್ತಿರುವವರ ಸಂಖ್ಯೆ). ಗಾರ್ಡ್ ಲೆಕ್ಕ ಹಾಕಿದ ಕ್ಷಣ ತುರ್ತು ಕ್ಯೂನಲ್ಲಿ ಒಬ್ಬನಿದ್ದ, ಮಾಮೂಲು ಮುಚ್ಚಿತು. ಅವನ ಕರೆ ಟೈಮರ್ ಇಟ್ಟದ್ದು. ಅಕ್ಸೆಪ್ಟ್ ಆಗುವಷ್ಟರಲ್ಲಿ ಸಮಯ ಮುಗಿದು ಕ್ಯೂ ಬಿಟ್ಟು ಹೋದ. ಈಗ ಸರ್ವರ್ ಬರದೇ ಇರುವ ತುರ್ತಿಗಾಗಿ ಕಾಯುತ್ತೆ, ಮಾಮೂಲು ಕ್ಯೂ ಬೆಳೆಯುತ್ತೆ. ಕಿಟಕಿ ಚಿಕ್ಕದು, ಪರೀಕ್ಷೆಯಲ್ಲಿ ಸಿಗಲ್ಲ. ಪ್ರೊಟೆಕ್ಟೆಡ್ ಆಬ್ಜೆಕ್ಟ್‌ನಲ್ಲಿ ಇದು ಆಗದು: ಕ್ಯೂಗೆ ಸೇರುವುದು, ಕ್ಯೂ ಬಿಡುವುದು ಎರಡೂ ಪ್ರೊಟೆಕ್ಟೆಡ್ ಆಕ್ಷನ್‌ಗಳೇ. ಕೌಂಟ್ ಬಳಸಿದ ಬ್ಯಾರಿಯರ್ ಆಗ ಮತ್ತೆ ಲೆಕ್ಕವಾಗುತ್ತೆ.

ಇದೇ ನಿಯಮದಿಂದ 'ಐದು ಜನ ಸೇರಿದ ಮೇಲೆ ಎಲ್ಲರನ್ನೂ ಬಿಡು' ಅನ್ನೋದು ಒಂದೇ ಎಂಟ್ರಿಯಲ್ಲಿ ಮುಗಿಯುತ್ತೆ:

ಎಂಟ್ರಿ ಸೇರು ವೆನ್ ಸೇರು'ಕೌಂಟ್ = 5 ಆರ್ ಬಿಡು ಈಸ್
ಬಿಗಿನ್
   ಬಿಡು := ಸೇರು'ಕೌಂಟ್ > 0;
ಎಂಡ್ ಸೇರು;

ಐದನೆಯವನು ಬಂದಾಗ ಕೌಂಟ್ ಇನ್ನೂ 4, ಬ್ಯಾರಿಯರ್ ಮುಚ್ಚಿದೆ, ಅವನೂ ಕ್ಯೂಗೆ. ಆಗ ಕೌಂಟ್ 5, ಮತ್ತೆ ಲೆಕ್ಕ, ತೆರೆಯಿತು. ಮೊದಲನೆಯವನು ಕ್ಯೂ ಬಿಟ್ಟು ಬಾಡಿ ಓಡುವಾಗ ಕೌಂಟ್ 4, ಬಿಡು ಟ್ರೂ. ಕೊನೆಯವನಿಗೆ ಕೌಂಟ್ 0, ಬಿಡು ಫಾಲ್ಸ್. ಮುಂದಿನ ತಂಡಕ್ಕೆ ಬಾಗಿಲು ತಾನೇ ಮುಚ್ಚಿಕೊಂಡಿತು. ಐವರನ್ನು ಬಿಡುವುದೆಲ್ಲ ಒಂದೇ ಆಕ್ಷನ್, ಆರನೆಯವನು ನಡುವೆ ತೂರಿಕೊಳ್ಳಲಾರ.

#10 ಅರ್ಧವಿರಾಮ

ಕೊನೆಯದು. 16 ಮೆಮೊರಿ ಬ್ಲಾಕ್‌ಗಳ ಪೂಲ್. ಒಬ್ಬರಿಗೆ 2 ಬೇಕು, ಒಬ್ಬರಿಗೆ 8. 'ವೆನ್ ಎಷ್ಟು <= ಉಳಿಕೆ' ಅಂತ ಬ್ಯಾರಿಯರ್ ಬರೆದರೆ ಕಂಪೈಲರ್ ಒಪ್ಪುತ್ತಿಲ್ಲ.

#11 ನೀರ್ದೋಸೆ

ಬ್ಯಾರಿಯರ್‌ನಲ್ಲಿ ಪ್ಯಾರಾಮೀಟರ್ ಹೆಸರು ಬಳಸ್ಲಿಕ್ಕಿಲ್ಲ. ಕ್ಯೂನಲ್ಲಿರುವ ಒಬ್ಬೊಬ್ಬನಿಗೂ ಬೇರೆ ಬೇರೆ ಉತ್ತರ ಬಂದರೆ ಕ್ಯೂ ಇಡೀ ಹುಡುಕ್ಬೇಕಾಗ್ತದೆ, ಅದಕ್ಕೇ ಬಿಟ್ಟಿದ್ದಾರೆ. ಒಳಗೆ ಬಿಟ್ಟು ನೋಡಿ, ಸಾಲದಿದ್ದರೆ ರೀಕ್ಯೂ ಮಾಡಿ, ಅಂದರೆ ಆ ಕರೆಯನ್ನು ಮತ್ತೆ ಕ್ಯೂಗೆ ಕಳಿಸಿ: 'ಬೇಡು' ಅಂತ ಎಂಟ್ರಿ, ವೆನ್ ಉಳಿಕೆ > 0. ಒಳಗೆ ಎಷ್ಟು <= ಉಳಿಕೆ ಆದರೆ ಕೊಡಿ, ಇಲ್ಲದಿದ್ದರೆ 'ಬೇಡು'ಗೇ ಮತ್ತೆ ರೀಕ್ಯೂ.

#12 ಹಳೇಮೀಟರ್

ಕಾರಣ ಸರಿ, ಕೋಡ್ ಅಪಾಯ. ಉಳಿಕೆ 6, ಕ್ಯೂನಲ್ಲಿ 8 ಕೇಳಿದವನೊಬ್ಬನೇ. ಒಳಗೆ ಬಂದ, ಸಾಲದು, ರೀಕ್ಯೂ. ಬ್ಯಾರಿಯರ್ ಇನ್ನೂ ನಿಜ, ಮತ್ತೆ ಒಳಗೆ, ಮತ್ತೆ ರೀಕ್ಯೂ. ಇದೆಲ್ಲ ಒಂದೇ ಪ್ರೊಟೆಕ್ಟೆಡ್ ಆಕ್ಷನ್, ಲಾಕ್ ಬಿಡುವುದೇ ಇಲ್ಲ. ಬ್ಲಾಕ್ ಮರಳಿಸಲು ಬಂದವನು ಬೀದಿಯಲ್ಲೇ, ಸಿಪಿಯು ಒಂದು ಕೋರ್ ನೂರಕ್ಕೆ ನೂರು. ಒಂದು ಬಿಡುಗಡೆಗೆ ಒಬ್ಬೊಬ್ಬರಿಗೆ ಒಂದೇ ಅವಕಾಶ ಅಂತ ಎಣಿಸಬೇಕು.

ಎಂಟ್ರಿ ಬೇಡು (ಎಷ್ಟು : ಗಾತ್ರ) ವೆನ್ ಮತ್ತೆ'ಕೌಂಟ್ = 0 ಈಸ್
ಬಿಗಿನ್
   ಇಫ್ ಎಷ್ಟು <= ಉಳಿಕೆ ದೆನ್
      ಉಳಿಕೆ := ಉಳಿಕೆ - ಎಷ್ಟು;
   ಎಲ್ಸ್
      ರೀಕ್ಯೂ ಮತ್ತೆ ವಿತ್ ಅಬಾರ್ಟ್;
   ಎಂಡ್ ಇಫ್;
ಎಂಡ್ ಬೇಡು;

ಪ್ರೊಸೀಜರ್ ಮರಳಿಸು (ಎಷ್ಟು : ಗಾತ್ರ) ಈಸ್
ಬಿಗಿನ್
   ಉಳಿಕೆ := ಉಳಿಕೆ + ಎಷ್ಟು;
   ಸುತ್ತು := ಮತ್ತೆ'ಕೌಂಟ್;
ಎಂಡ್ ಮರಳಿಸು;

ಎಂಟ್ರಿ ಮತ್ತೆ (ಎಷ್ಟು : ಗಾತ್ರ) ವೆನ್ ಸುತ್ತು > 0 ಈಸ್
ಬಿಗಿನ್
   ಸುತ್ತು := ಸುತ್ತು - 1;
   ಇಫ್ ಎಷ್ಟು <= ಉಳಿಕೆ ದೆನ್
      ಉಳಿಕೆ := ಉಳಿಕೆ - ಎಷ್ಟು;
   ಎಲ್ಸ್
      ರೀಕ್ಯೂ ಮತ್ತೆ ವಿತ್ ಅಬಾರ್ಟ್;
   ಎಂಡ್ ಇಫ್;
ಎಂಡ್ ಮತ್ತೆ;

'ಮತ್ತೆ'ಯನ್ನು ಪ್ರೈವೇಟ್ ಭಾಗದಲ್ಲಿ ಇಡಿ, ಹೊರಗಿನವರು ನೇರ ಕರೆಯಬಾರದು. 'ಗಾತ್ರ' 1ರಿಂದ 16ರ ಸಬ್‌ಟೈಪ್ ಆಗಿರಲಿ. 17 ಕೇಳಿದವನಿಗೆ ಕರೆಯುವಾಗಲೇ ಕನ್‌ಸ್ಟ್ರೈಂಟ್ ಎರರ್ ಬರಲಿ, ಇಲ್ಲದಿದ್ದರೆ ಅವನು ಕ್ಯೂನಲ್ಲಿ ಶಾಶ್ವತ. 'ಬೇಡು'ವಿನ ಬ್ಯಾರಿಯರ್ ಹೊಸಬರನ್ನು ತಡೆಯುತ್ತೆ. ಅದಿಲ್ಲದಿದ್ದರೆ 2 ಕೇಳುವವರು ಬರುತ್ತಲೇ ಇದ್ದು, 8 ಕೇಳಿದವನಿಗೆ ಎಂದೂ ಸಿಗದೆ ಹೋಗಬಹುದು.

ಓಡಿಸಿ ನೋಡೋಣ. ಉಳಿಕೆ 0. 'ಮತ್ತೆ' ಕ್ಯೂನಲ್ಲಿ ಕ್ರಮವಾಗಿ ಎ (8), ಬಿ (2), ಸಿ (3). ಯಾರೋ 6 ಮರಳಿಸಿದರು. ಸುತ್ತು 3. ಎ-ಗೆ ಸಾಲದು, ಬಾಲಕ್ಕೆ. ಬಿ-ಗೆ 2, ಉಳಿಕೆ 4. ಸಿ-ಗೆ 3, ಉಳಿಕೆ 1. ಸುತ್ತು 0, ಬಾಗಿಲು ಮುಚ್ಚಿತು, ಎ ಒಬ್ಬನೇ ಕಾಯುತ್ತಾನೆ.

#13 ತಾಳೆಗರಿ

ಚೆನ್ನಾಗಿದೆ. ಒಂದು ಷರತ್ತು ಸೇರಿಸುತ್ತೇನೆ: ಇದು ನಡೆಯುವುದು ಕ್ಯೂ ಬಂದ ಕ್ರಮದಲ್ಲಿ ಇದ್ದಾಗ ಮಾತ್ರ. ಅಡಾದಲ್ಲಿ ಅದೇ ಡೀಫಾಲ್ಟ್. ಯಾರಾದರೂ ಪ್ರಯಾರಿಟಿ ಕ್ಯೂಯಿಂಗ್ ಪ್ರಾಗ್ಮಾ ಹಾಕಿದರೆ ಅದೇ ಕೋಡ್ ಸದ್ದಿಲ್ಲದೆ ಕೆಡುತ್ತೆ. ಎ-ಗೆ ಎಲ್ಲರಿಗಿಂತ ಹೆಚ್ಚು ಪ್ರಯಾರಿಟಿ ಇದೆ ಅಂದುಕೊಳ್ಳಿ. ರೀಕ್ಯೂ ಮಾಡಿದರೆ ಅವನು ಬಾಲಕ್ಕಲ್ಲ, ಮತ್ತೆ ತಲೆಗೇ ಹೋಗುತ್ತಾನೆ. ಮೂರು ಅವಕಾಶವೂ ಎ-ಗೇ ಖರ್ಚು. ಬಿ, ಸಿ ಇಬ್ಬರಿಗೂ ಸಾಲುವಷ್ಟು ಇದ್ದರೂ 6 ಬ್ಲಾಕ್ ಸುಮ್ಮನೆ ಬಿದ್ದಿರುತ್ತೆ. ಆಗ ಎರಡು ಕ್ಯೂ ಬೇಕು: ಬೂಲಿಯನ್ ಸೂಚ್ಯಂಕದ ಎಂಟ್ರಿ ಕುಟುಂಬ (ಸೂಚ್ಯಂಕದ ಒಂದೊಂದು ಬೆಲೆಗೂ ಒಂದು ಕ್ಯೂ) ಮಾಡಿ, ಒಂದರಿಂದ ತೆಗೆದವರನ್ನು ಇನ್ನೊಂದಕ್ಕೆ ರೀಕ್ಯೂ ಮಾಡಿ, ಮುಂದಿನ ಬಿಡುಗಡೆಗೆ ಎರಡರ ಪಾತ್ರ ಅದಲುಬದಲು. ('ಬೇಡು' ಆಗ ಎರಡರ ಕೌಂಟನ್ನೂ ನೋಡಬೇಕು.) ಕುಟುಂಬದ ಸೂಚ್ಯಂಕವನ್ನು ಬ್ಯಾರಿಯರ್‌ನಲ್ಲಿ ಬಳಸಬಹುದು, ಪ್ಯಾರಾಮೀಟರ್‌ಗಿರುವ ನಿಷೇಧ ಅದಕ್ಕಿಲ್ಲ.

#14 ನಾಲ್ಕನೇಸಾಲು

'ವಿತ್ ಅಬಾರ್ಟ್' ಮರೆಯಬೇಡಿ. ಕರೆಯುವವರು 'ಸೆಲೆಕ್ಟ್ ಬೇಡು (8); ಆರ್ ಡಿಲೇ 2.0;' ಅಂತ ಬರೆದಿರುತ್ತಾರೆ. ಆ ಎರಡು ಸೆಕೆಂಡ್ ಕ್ಯೂನಲ್ಲಿ ಕಾಯುವುದಕ್ಕೆ ಮಾತ್ರ ಮಿತಿ, ಬಾಡಿ ಶುರುವಾದ ಮೇಲೆ ಅನ್ವಯಿಸುವುದಿಲ್ಲ. ಬರೀ 'ರೀಕ್ಯೂ ಮತ್ತೆ' ಅಂತ ಬರೆದರೆ ರೀಕ್ಯೂ ಆದ ಕರೆಯನ್ನು ಟೈಮರ್ ರದ್ದು ಮಾಡಲಾರದು, ಕರೆದವನು ಎರಡರ ಬದಲು ಇನ್ನೂರು ಸೆಕೆಂಡ್ ನಿಂತರೂ ಕೇಳುವವರಿಲ್ಲ. ಅರ್ಧ ಕೆಲಸ ಮುಗಿದು ರದ್ದಾದರೆ ಲೆಕ್ಕ ಕೆಡುವ ಕಡೆ ಅದನ್ನು ಬೇಕಂತಲೇ ಬಿಡುತ್ತಾರೆ. ಇಲ್ಲಿ ಇನ್ನೂ ಏನೂ ಕೊಟ್ಟಿಲ್ಲವಾದ್ದರಿಂದ ರದ್ದಾದರೆ ನಷ್ಟವಿಲ್ಲ.

#15 ಅರ್ಧವಿರಾಮ

ಇದನ್ನೇ ಮುಂದೆ ರೇವನ್‌ಸ್ಕಾರ್ ಪ್ರೊಫೈಲ್ (ಅಡಾದ ಸೌಲಭ್ಯಗಳನ್ನು ಮಿತಿಗೊಳಿಸುವ ನಿಯಮಗಳ ಕಟ್ಟು) ಬಳಸುವ ಬೋರ್ಡ್ ಮೇಲೆ ಓಡಿಸಬೇಕು. ಹಾಗೇ ಹೋಗುತ್ತಾ?

#16 ಹಳೇಮೀಟರ್

ಕಂಪೈಲೇ ಆಗಲ್ಲ. 1997ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್ ಕರಾವಳಿಯ ರೇವನ್‌ಸ್ಕಾರ್ ಅನ್ನೋ ಹಳ್ಳಿಯಲ್ಲಿ ಕೂತು ಆ ಪ್ರೊಫೈಲ್ ರೂಪಿಸಿದವರು ಸಮಯದ ಲೆಕ್ಕ ಖಚಿತವಾಗಿ ಸಿಗಲಿ ಅಂತ ಬಹಳಷ್ಟನ್ನು ಕತ್ತರಿಸಿ ಹಾಕಿದರು. ಒಂದು ಆಬ್ಜೆಕ್ಟ್‌ಗೆ ಒಂದೇ ಎಂಟ್ರಿ. ಬ್ಯಾರಿಯರ್ ಅಂದರೆ ಒಳಗಿನ ಒಂದು ಬೂಲಿಯನ್ ಮಾತ್ರ, 'ಲೆಕ್ಕ > 0' ಕೂಡ ಇಲ್ಲ. ಕ್ಯೂನಲ್ಲಿ ಒಬ್ಬನೇ, ಎರಡನೆಯವನು ಬಂದರೆ ಪ್ರೋಗ್ರಾಂ ಎರರ್. ರೀಕ್ಯೂ ಇಲ್ಲ, ಸೆಲೆಕ್ಟ್ ಇಲ್ಲ. ಸೀಲಿಂಗ್ ಲಾಕಿಂಗ್ ಕಡ್ಡಾಯ, ಅಂದರೆ ಆಬ್ಜೆಕ್ಟ್‌ಗೆ ಕೊಟ್ಟ ಸೀಲಿಂಗ್‌ಗಿಂತ ಮೇಲಿನ ಪ್ರಯಾರಿಟಿಯ ಟಾಸ್ಕ್ ಕರೆದರೂ ಪ್ರೋಗ್ರಾಂ ಎರರ್. ಇಂಟರಪ್ಟ್ ಹ್ಯಾಂಡ್ಲರ್ ಪ್ರೊಸೀಜರ್ ಆಗಿರಬೇಕು, ಎಂಟ್ರಿ ಕರೆಯುವಂತಿಲ್ಲ. ಅದು ಬೂಲಿಯನ್ ಬದಲಿಸುತ್ತೆ, ಕಾಯುತ್ತಿದ್ದ ಒಬ್ಬ ಟಾಸ್ಕ್ ಏಳುತ್ತೆ.

ಬಫರ್‌ನ 'ತೆಗೆ' ಬದಿಯನ್ನು ಉಳಿಸಬಹುದು: 'ಹಾಕು'ವನ್ನು ಪ್ರೊಸೀಜರ್ ಮಾಡಿ, ತುಂಬಿದ್ದರೆ ಔಟ್ ಪ್ಯಾರಾಮೀಟರ್‌ನಲ್ಲಿ 'ಜಾಗವಿಲ್ಲ' ಅಂತ ಹೇಳಲಿ, 'ಹಾಕು' ಮತ್ತು 'ತೆಗೆ' ಎರಡರ ಕೊನೆಯಲ್ಲೂ 'ಇದೆ := ಲೆಕ್ಕ > 0' ಬರೆಯಿರಿ, 'ತೆಗೆ'ಯ ಬ್ಯಾರಿಯರ್ 'ವೆನ್ ಇದೆ' ಅಂತ ಇರಲಿ ('ಇದೆ' ಇಲ್ಲಿ ಬೂಲಿಯನ್‌ನ ಹೆಸರು). ತೆಗೆಯುವ ಟಾಸ್ಕ್ ಎರಡಿದ್ದರೆ ಒಂದಕ್ಕೆ ಇಳಿಸಿ. ಪೂಲ್‌ಗೆ ಕಾಯುವುದನ್ನೇ ಕೈಬಿಡಿ: ಟಾಸ್ಕ್‌ಗೆ ಇಂತಿಷ್ಟು ಬ್ಲಾಕ್ ಅಂತ ಶುರುವಿನಲ್ಲೇ ಹಂಚಿಬಿಡಿ. ಬೋರ್ಡಿನ ರನ್‌ಟೈಮ್‌ನಲ್ಲಿ ಜೋರ್ವಿಕ್ ಪ್ರೊಫೈಲ್ ಇದ್ದರೆ ಹೆಚ್ಚು ಎಂಟ್ರಿ, ಉದ್ದದ ಕ್ಯೂ, ಸ್ವಲ್ಪ ದೊಡ್ಡ ಬ್ಯಾರಿಯರ್ ಸಿಗುತ್ತೆ, ಮೊದಲ ಬಫರ್ ಹೆಚ್ಚುಕಡಿಮೆ ಹಾಗೇ ಹೋಗುತ್ತೆ. ರೀಕ್ಯೂ ಅಲ್ಲೂ ಇಲ್ಲ.